ಗಾಳದ ಗುರುತು

ಓಲೌಗ್ ಅವರಿಗೆ,
ಬರ್ಗೆನ್ನಿನ ಬಂದರುಕಟ್ಟೆಯಿಂದ ದಲ್ಲಾಳಿ ಆನ್‌ಫಿನ್.

ನಿಮ್ಮ ಗಂಡ ತೀರಿಕೊಂಡದ್ದು ಮಂಗಳವಾರ.
ತಂತಿ ನನ್ನ ಕೈ ಸೇರಿದ್ದು ಶುಕ್ರವಾರ ಮಧ್ಯಾಹ್ನ.
ನಡುವೆ ಒಂದು ಗುರುವಾರವಿತ್ತು.

ಆ ದಿನ ನಲವತ್ತು ಕಟ್ಟು ಒಣಮೀನು ಮಾರಿದೆ
ನೇಪಲ್ಸಿನ ವರ್ತಕನಿಗೆ, ಸೀವರ್ಟರ ಹೆಸರಿನಲ್ಲಿ.
ಎರಡು ಮೀನೆತ್ತಿ ಒಂದಕ್ಕೊಂದು ತಟ್ಟಿ
ಕಟ್ಟಿಗೆಯ ಸದ್ದು ಕೇಳಿಸಿದೆ.
ಅವನು ಮೂಸಿದ, ತಲೆಯಾಡಿಸಿದ.
ಕಾಗದದ ಬುಡದಲ್ಲಿ ಎಂದಿನಂತೆ ಅವರ ಗುರುತು ಬರೆದೆ:
ಒಂದು ಗಾಳ, ಮೇಲೆ ಎರಡು ಅಡ್ಡಗೆರೆ.
ಅಕ್ಷರ ಬಾರದ ಅವರು ದೋಣಿಗೂ ಹುಟ್ಟಿಗೂ
ಚಾಕುವಿನಲ್ಲಿ ಕೊರೆಯುತ್ತಿದ್ದದ್ದು.
ಹತ್ತೊಂಬತ್ತು ವರ್ಷ ಬರೆದೂ ಬರೆದೂ
ನನ್ನ ಹೆಸರಿಗಿಂತ ಅದೇ ನನಗೆ ನೇರ ಬರುತ್ತದೆ.

ಆ ಗಳಿಗೆ ಹಗ್ಗದ ಆಚೆ ತುದಿಯಲ್ಲಿ
ಯಾರೂ ಇರಲಿಲ್ಲ.

ವಕೀಲ ಬ್ರಿನ್ಯುಲ್ಫರು ಪೈಪು ಕೆಳಗಿಡದೆ ಹೇಳಿದರು:
ಕೊಟ್ಟವನು ಸತ್ತರೆ ಕೊಟ್ಟ ಅಧಿಕಾರವೂ ಸಾಯುತ್ತದೆ,
ಆದರೆ ನಿನಗೆ ಸುದ್ದಿ ಮುಟ್ಟುವ ತನಕ ಸಾಯುವುದಿಲ್ಲ.
ಗುರುವಾರದ ಮಾರಾಟ ನಿಲ್ಲುತ್ತದೆ, ಹೆದರಬೇಡ.
ಅಂದರೆ ನನ್ನ ಬೆರಳತುದಿಯಲ್ಲಿ ಅವರು
ಮೂರು ದಿನ ಹೆಚ್ಚಿಗೆ ಬದುಕಿದ್ದರು.
ಸಮಾಧಾನಕ್ಕೆ ಹೇಳುತ್ತಿಲ್ಲ, ಓಲೌಗ್,
ಲೆಕ್ಕದಲ್ಲಿ ಬರುತ್ತದೆ, ಅದಕ್ಕೆ.

ಶನಿವಾರ ಅದೇ ವರ್ತಕ ಮತ್ತೆ ಬಂದ.
ಉಳಿದ ಇಪ್ಪತ್ತಾರು ಕಟ್ಟಿಗೆ ಇನ್ನೂ ಏರಿಸಿ ಬೆಲೆ ಹೇಳಿದ.
ಒಳ್ಳೆಯ ಬೆಲೆ. ಸೀವರ್ಟ್ ಇದ್ದಿದ್ದರೆ ಬೈಯುತ್ತಿದ್ದರು,
ಇನ್ನೇನು ನೋಡ್ತೀಯ, ಕೊಟ್ಟು ಮುಗಿಸೋ ಎಂದು.
ಲೇಖನಿ ಎತ್ತಿಕೊಂಡೆ. ಗಾಳದ ಕೊಕ್ಕೆ ಅರ್ಧ ಮೂಡಿತ್ತು.
ನೋಡಿದರೆ ಕೈ ನನ್ನದು.
ಬರೀ ನನ್ನದು.
ಮಸಿ ಆರಲು ಬಿಟ್ಟು ಎದ್ದೆ.

ಮಾರುವ ಹಕ್ಕು ಹೋಯಿತು, ಕಾಯುವ ಕೆಲಸ ಹೋಗಲಿಲ್ಲ.
ಕಟ್ಟುಗಳನ್ನು ನೆಲದಿಂದೆತ್ತಿ ಹಲಗೆಯ ಮೇಲಿಟ್ಟಿದ್ದೇನೆ.
ಇಲಿಗಳಿಗೆಂದು ಒಂದು ಬೆಕ್ಕು.
ಬೆಕ್ಕಿನ ಹಾಲನ್ನು ನಿಮ್ಮ ಖರ್ಚಿಗೆ ಬರೆದಿದ್ದೆ,
ಆಮೇಲೆ ನಾಚಿಕೆಯಾಗಿ ಹೊಡೆದುಹಾಕಿದೆ.

ಇನ್ನೊಂದು ಬಾಬತ್ತು ಉಳಿದಿದೆ.
ಒಂಬತ್ತು ವರ್ಷದ ಹಿಂದೆ ಆ ವರ್ತಕನ ಅಪ್ಪ
ನನಗೊಂದು ಬೆಳ್ಳಿಯ ಗಡಿಯಾರ ಕೊಟ್ಟ.
ಇದು ನಿನಗೆ, ಬಿಲ್ಲಿನಲ್ಲಿ ಬೇಡ ಎಂದ.
ಬರೆಯಲಿಲ್ಲ. ಆ ಬೇಸಿಗೆ ನಿಮ್ಮ ಮೀನನ್ನು
ಎರಡನೇ ದರ್ಜೆಗೆ ಇಳಿಸಲು ಒಪ್ಪಿದ್ದು
ನನ್ನ ಮೂಗೋ, ಜೇಬಿನ ಆ ಟಿಕ್‌ಟಿಕ್ಕೋ,
ಪ್ರಮಾಣವಾಗಿ ಇವತ್ತಿಗೂ ಗೊತ್ತಿಲ್ಲ.
ಗೊತ್ತಿಲ್ಲವೆನ್ನುವ ಸ್ಥಿತಿಗೆ ಬಂದದ್ದೇ ತಪ್ಪು
ಎಂದರು ಬ್ರಿನ್ಯುಲ್ಫ್. ಈಗ ಪೈಪು ಕೆಳಗಿತ್ತು.
ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ,
ಒಂಬತ್ತು ವರ್ಷ ನಾನು ಆ ಪೂಜಾರಿ.

ಗಡಿಯಾರ ಈ ಪೊಟ್ಟಣದಲ್ಲಿದೆ.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ,
ಮಾರುವಾಗ ಅದನ್ನೂ ಹೇಳಿಬಿಡಿ.

ಜೊತೆಗೆ ಹೊಸ ಅಧಿಕಾರಪತ್ರ, ಹೆಸರಿನ ಜಾಗ ಖಾಲಿ.
ನನ್ನದೇ ತುಂಬಬೇಕೆಂದಿಲ್ಲ; ಕಟ್ಟೆಯಲ್ಲಿ ಬೇರೆಯವರೂ ಇದ್ದಾರೆ.
ಯಾರಿಗೇ ಕೊಟ್ಟರೂ ಗಾಳ ಬರೆಯಬೇಡಿ,
ನಿಮ್ಮ ಸಹಿಯನ್ನೇ ಹಾಕಿ.
ಇಷ್ಟು ವರ್ಷ ನಿಮ್ಮ ಮನೆಯ ಮೀನು ಮಾರಿದೆ,
ನಿಮ್ಮ ಕೈಬರಹ ಹೇಗಿದೆಯೋ
ಒಮ್ಮೆಯೂ ನೋಡಿಲ್ಲ.