ಸಕ್ಕರ್

ಗುತ್ತಲು ರಸ್ತೆಯ ಟೈರ್ ಅಂಗಡಿಯ ಮೇಲೆ
ನಮ್ಮ ಇಂಗ್ಲಿಷ್ ಕ್ಲಾಸು. ಸಂಜೆ ಆರೂವರೆಯ ಬ್ಯಾಚು.
ಕೆಳಗೆ ಯಾರದೋ ಟ್ಯೂಬು ಉಸ್ಸೆಂದು ಗಾಳಿ ಬಿಡುತ್ತಿರುವಾಗ
ಬೋರ್ಡಿನ ಮೇಲೆ ಬರೆದೆ: ಪುಶ್‌ಓವರ್.
ಅಂದರೆ, ಎಂದೆ, ಒಂದು ಸಲ ತಳ್ಳಿದರೆ ಸಾಕು, ಬೀಳುವವರು.

‘ಪಾಪ, ಯಾಕೆ ತಳ್ಬೇಕು ಮೇಡಂ?’ ಎಂದಳು ದೇವೀರಮ್ಮ,
ಬ್ಯೂಟಿ ಪಾರ್ಲರಿನವಳು, ಉಗುರ ಸಂದಿಯಲ್ಲಿ ಇನ್ನೂ ಮೆಹಂದಿಯ ಹಸಿರು.
‘ನಮ್ಮೋರಾದ್ರೆ ಕಿವಿ ಮೇಲೆ ಹೂವ ಇಡ್ತಾರೆ.’

ನಿಜ. ನನಗೆ ಹೊಳೆದಿರಲೇ ಇಲ್ಲ.
ನಮ್ಮಲ್ಲಿ ಮೋಸಕ್ಕೂ ಒಂದು ಮೊಳ ಕಾಕಡ.
ಟೋಪಿ ಹಾಕುವವರು ತಲೆಯ ಅಳತೆ ನೋಡಿಯೇ ಹಾಕುತ್ತಾರೆ.
ನಾಮ ಎಳೆಯುವವರು
ಗಲ್ಲ ಹಿಡಿದು, ಅಲುಗಾಡಬೇಡ ಕಣಮ್ಮ,
ಸೊಟ್ಟಗಾಗುತ್ತೆ, ಅನ್ನುತ್ತಾರೆ.

ಮುಂದಿನದು ಸಾಫ್ಟ್ ಟಚ್.
ಕೊತ್ತತ್ತಿ ಕಡೆಯ ಬೋರಲಿಂಗ, ಆಲೆಮನೆಯವನು,
ಗಾಳಿಯಲ್ಲೇ ಒಂದು ಅಚ್ಚು ಹಿಡಿದು ಹೆಬ್ಬೆರಳು ಒತ್ತಿ ತೋರಿಸಿದ:
‘ಇಂಗ್ ಒತ್ತುದ್ರೆ ಒಳಕ್ ಹೋಯ್ತದಲ್ಲ, ಆ ಬೆಲ್ಲ.
ಮಂಡಿಯೋರು ಮೊದ್ಲು ಅದ್ನ ಬೈತಾರೆ,
ಆಮೇಲ್ ಕಮ್ಮಿಗ್ ಕೇಳ್ತಾರೆ,
ಆಮೇಲ್ ಅದ್ನೇ ತಮ್ಮನೆಗ್ ತಕೊಂಡೋಯ್ತಾರೆ.’

ಮೂರನೆಯದನ್ನು ಬರೆದು
ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದದ್ದೇ ತಡ,
ಇಡೀ ಕ್ಲಾಸು ನಕ್ಕಿತು.
‘ಎತ್ವ ಒಂದು ಬಿಟ್ಟೋಗದೆ ಮೇಡಂ.
ಎಳುದ್ಬುಟ್ರೆ ನಮ್ಮೂರೇ!’

ಸರಿ, ಈಗ ವಾಕ್ಯ ಮಾಡಿ, ಎಂದೆ.
ಯಾರೂ ತಲೆ ಎತ್ತಲಿಲ್ಲ. ಫ್ಯಾನು ಎರಡು ಸುತ್ತು ಹೆಚ್ಚೇ ಸುತ್ತಿತು.
ಕೊನೆಗೆ ಹಿಂದಿನ ಬೆಂಚಿಂದ ರಕ್ತಪರೀಕ್ಷೆ ಲ್ಯಾಬಿನ ಸುಹೇಲ್,
ಸೂಜಿ ಚುಚ್ಚುವ ಮೊದಲಿನ ಮೆಲುದನಿಯಲ್ಲಿ:
‘ಅವರ್ ಮೇಡಂ ಈಸ್ ಎ ಸಾಫ್ಟ್ ಟಚ್.’

ವ್ಯಾಕರಣ ಸರಿಯಾಗಿತ್ತು.
ಆ ‘ಎ’ಗಾಗಿ ಮೂರು ವಾರ ಗಂಟಲು ಹರಿದುಕೊಂಡಿದ್ದೆ,
ಅದೂ ಇತ್ತು, ಅದರ ಜಾಗದಲ್ಲೇ.
ಗುಡ್, ಎಂದೆ. ಸಿಟ್.

ನಾಲ್ಕು ತಿಂಗಳಿಂದ ಪುಟ್ಟಮಾದು ಸರ್
ಒಂದನೇ ತಾರೀಖು ತಪ್ಪದೆ ಮೆಟ್ಟಿಲು ಹತ್ತಿ ಬರುತ್ತಾರೆ.
ಒಂದು ಚೀಲ ಸೀಬೆಹಣ್ಣು, ತಮ್ಮ ತೋಟದ್ದು.
‘ನೀವು ನಮ್ಮನೆ ಮಗಳಿದ್ದಂಗೆ ಕಣಮ್ಮ’ ಅನ್ನುತ್ತಾರೆ.
ಮನೆ ಮಗಳಿಗೆ ಸಂಬಳ ಕೊಟ್ಟವರುಂಟೆ?
ಹಣ್ಣು ಮಾತ್ರ ಸಿಹಿ, ಸುಳ್ಳು ಹೇಳಬಾರದು.
ಈ ಮಾತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ,
ಎರಡು ನಿಘಂಟು ತಿರುವಿದೆ, ಸಿಗಲಿಲ್ಲ.

ಡಸ್ಟರು ಸವೆದು ಮರವಷ್ಟೇ ಉಳಿದಿದೆ.
ಅಂಗೈಯಲ್ಲೇ ಬೋರ್ಡು ಒರೆಸಿ, ದೀಪ ಆರಿಸಿ ಇಳಿದರೆ
ಟೈರ್ ಅಂಗಡಿಯ ಹುಡುಗ ನನ್ನ ಸ್ಕೂಟಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ.
‘ಅಕ್ಕಾ, ಹಿಂದಿಂದು ಮೆತ್ತಗಾಗ್ಬುಟ್ಟದೆ.
ಟೈರೇ ಹೊಸ್ದು ಹಾಕ್ಬೇಕು, ನಾಳೆ ನಾಡಿದ್ದಂತ ನೋಡ್ಬೇಡಿ.’

ಬಗ್ಗಿ, ಬೋರಲಿಂಗ ತೋರಿಸಿದ ಹಾಗೆ
ಹೆಬ್ಬೆರಳು ಒತ್ತಿ ನೋಡಿದೆ.
ಕಲ್ಲಿನ ಹಾಗಿತ್ತು.
ಹುಡುಗನ ಮೂಗಿನ ಮೇಲೊಂದು ಗ್ರೀಸಿನ ಗೆರೆ,
ಹನ್ನೆರಡೋ ಹದಿಮೂರೋ ಇರಬಹುದು, ಹೆಚ್ಚಿಲ್ಲ.

ಹೌದಾ, ಎಂದೆ.
ಎಷ್ಟಾಗುತ್ತೆ?