ರೀಡಿಂಗ್

ಮೇ ತಿಂಗಳ ಮಧ್ಯಾಹ್ನ, ಬಿಜೈ ಗುಡ್ಡದ ಮೆಟ್ಟಿಲು.
ನಿನ್ನೆಯ ಗಡ್ಡದ ಗೋಂದು ಕಿವಿಯ ಹಿಂದೆ
ತೆಂಗಿನೆಣ್ಣೆಗೂ ಜಗ್ಗದೆ ಕಚ್ಚಿಕೊಂಡಿದೆ.
ಮನೆಮನೆಯ ಮೀಟರು ಓದುತ್ತೇನೆ,
ಓದುತ್ತ ಸಂಜೆಯ ಮಾತು
ಬಾಯೊಳಗೆ ಸಣ್ಣಗೆ ಹೊರಳುತ್ತದೆ:
ಏಳು ಸಾವಿರದ ಇನ್ನೂರ ಹದಿಮೂರು, ಎಲೈ ಸೇನಾಪತಿ,
ಏಳು ಸಾವಿರದ...

ಸಿಸಿಲಿಯಾ ಬಾಯಮ್ಮ ಕನ್ನಡಕ ಏರಿಸಿ ನೋಡಿದರು.
"ನಿನ್ನೆ ಟೌನ್‌ಹಾಲಲ್ಲಿ ಸತ್ತದ್ದು ನೀವಲ್ವಾ?
ಸತ್ತ ಮೇಲೂ ಹೊಟ್ಟೆ ಮೇಲೆ ಕೆಳಗೆ ಆಗ್ತಿತ್ತು ಮಾರಾಯ್ರೆ."
ಚೀಟಿ ಹರಿದುಕೊಟ್ಟೆ.
ಮೊತ್ತ ನೋಡಿ ಒಂದು ಗಳಿಗೆ
ಅವರ ಉಸಿರೇ ನಿಂತಿತು.
ಹಾಗೆ ನಿಲ್ಲಬೇಕು, ಮನಸ್ಸಲ್ಲೇ ಗುರುತು ಹಾಕಿಕೊಂಡೆ.
ಪುನರ್ಪುಳಿ ಶರಬತ್ತು ಕೊಟ್ಟರು, ಬೈಯುತ್ತಲೇ.

ಇವತ್ತು ಬೇರೆ ನಾಟಕ, ಸಾಯುವುದು ಮಾತ್ರ ನಾನೇ.
ಏಳಕ್ಕೆ ಬೆಲ್ಲು. ಸ್ಟೇಟ್‌ಬ್ಯಾಂಕಲ್ಲಿ ಬಸ್ಸಿಳಿದು ಓಟ,
ಅರ್ಧ ಬನ್ಸು, ಆಮೇಲೆ ಬಣ್ಣ.
ಬೆವರಿಗೆ ಮೀಸೆ ಜಾರಿದರೆ
ರುಕ್ಮಯ ಪರದೆ ಬದಿಯಿಂದ ಹಲ್ಲು ಕಿರಿಯುತ್ತಾನೆ.

ಬಿದ್ದೆ. ಮರದ ಹಲಗೆ ಇನ್ನೂ ಹಗಲಿನಷ್ಟೇ ಬಿಸಿ.
ಮೂರನೇ ಸಾಲಿನಲ್ಲಿ
ಟಪಟಪ ಬೀಸುತ್ತಿದ್ದ ರಟ್ಟಿನ ಬೀಸಣಿಗೆಯೊಂದು
ಥಟ್ಟನೆ ನಿಂತಿತು.
ಉಸಿರು ಹಿಡಿದೆ.
ಅತ್ತಲೂ ಯಾರೋ ಹಿಡಿದಿರಬೇಕು,
ಪರದೆ ಬೀಳುವವರೆಗೆ
ಆ ಬೀಸಣಿಗೆ ಅಲುಗಲಿಲ್ಲ.