ಹನ್ನೊಂದನೆಯ ನಿಯಮ

ಗೇಟಿಗೆ ಹೊಸ ಫಲಕ ಬಂದಿದೆ. ಹದಿನಾಲ್ಕು ನಿಯಮ.
ಬರೆದವನು ಗೋಣಿಕೊಪ್ಪದ ಪೇಂಟರ್ ಜೋಸ್.
ಶಿಸ್ತಿನ ಒತ್ತಕ್ಷರ ಮರೆತು ಶಿಸು ಮಾಡಿಟ್ಟ.
ಹೆಡ್ಮಾಸ್ತರು ಅವನ ಇನ್ನೂರು ರೂಪಾಯಿ ಹಿಡಿದಿದ್ದಾರೆ,
ಹುಡುಗರು ಹಾಗೆಯೇ ಓದುತ್ತಾರೆ, ಗಟ್ಟಿಯಾಗಿ.

ಕಿವಿ ಕಾಣಬೇಕು, ಕತ್ತು ಕಾಣಬೇಕು.
ಕೈಗೆ ದಾರ, ಕಿವಿಗೆ ಕಡ್ಡಿ ಕೂಡದು.
ಬೆಲ್ಲಾದ ಮೇಲೆ ಬಂದವನಿಗೆ ಅರ್ಧ ದಿನ.
ಸಮವಸ್ತ್ರ ಸರಿಯಿಲ್ಲದವನಿಗೆ ಹಾಜರಿಯಿಲ್ಲ,
ಎಪ್ಪತ್ತೈದು ಹಾಜರಿಯಿಲ್ಲದವನಿಗೆ ಪರೀಕ್ಷೆಯಿಲ್ಲ.
ಹನ್ನೊಂದನೆಯದು ಗಿಡ್ಡ: ಸಾಕ್ಸ್ ಬಿಳಿ.

ನಾನು ರೋಣದ ಕಡೆಯವನು, ಎರೆಮಣ್ಣಿನವನು.
ನಮ್ಮಲ್ಲಿ ಮಳೆ ಬಂದರೆ ಹೊರಗೆ ಬಂದು ನೋಡುತ್ತಾರೆ.
ಪಾಲಿಬೆಟ್ಟದಲ್ಲಿ ಮೊದಲ ಕಕ್ಕಡ; ಹೆಂಚಿನ ಸದ್ದಿಗಿಂತ
ಒಂದು ಸ್ವರ ಮೇಲೆ ಕೂಗಿ ಹಾಜರಿ ಕರೆಯಬೇಕು.
ಲಿಖಿನ್ ಮಾಚಯ್ಯ. ಎಸ್ ಸಾರ್.
ಉನೈಸ್ ಕೆ. ಎಂ. ಎಸ್ ಸಾರ್.
ಯತಿನ್.
'ಆನೆ, ಸಾರ್' ಎಂದರು ನಾಲ್ಕು ಜನ ಅವನ ಪರವಾಗಿ.

ರಿಜಿಸ್ಟರಿನಲ್ಲಿ ಆನೆಗೆ ಕಾಲಂ ಇಲ್ಲ.
'ಅದರ ಸಹಿ ತರಲಿ' ಎಂದರು ಹೆಡ್ಮಾಸ್ತರು.
ಮರುದಿನ ಯತಿನ್ ಪ್ಲಾಸ್ಟಿಕ್ ಕವರಿನಲ್ಲಿ
ಲದ್ದಿಯ ಒಂದು ಉಂಡೆ ಕಟ್ಟಿ ತಂದ.
ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತ.
ಅರ್ಧ ದಿನ ಕೊಟ್ಟೆವು.

ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ತಿಂದು
ಮರುದಿನ ಅರ್ಧ ತರಗತಿಯ ನಾಲಗೆ ನೇರಳೆ.
ನಾಲಗೆಗೆ ಇನ್ನೂ ನಿಯಮ ಬಂದಿಲ್ಲ.

ಜನವರಿಯಲ್ಲಿ ಕಾಫಿ ಹಣ್ಣಾಗುತ್ತದೆ, ಬೆಂಚು ಬರಿದಾಗುತ್ತದೆ.
ಕಿಲೋಗೆ ಇಷ್ಟೆಂದು ಹದಿಮೂರು ಹುಡುಗರು ಕೊಯ್ಲಿಗೆ;
ಹದಿಮೂರು ಕೆಂಪು ಗೀಟು, ಮೂರು ವಾರ.
ಅದೇ ತೋಟದ ಧಣಿಯ ಮಗ ಮೈಸೂರಿನ ಮದುವೆಗೆ
ಎಂಟು ದಿನ ಹೋದ. ಟೈಪ್ ಮಾಡಿದ ಅರ್ಜಿಯಿತ್ತು.
ಅದು ರಜೆ. ಗೈರು ಎನ್ನುವುದಿಲ್ಲ.
ಬರೆದವನು ನಾನೇ, ದುಂಡನೆಯ ಅಕ್ಷರದಲ್ಲಿ.

ಬೊಳ್ಕನದು ಬೇರೆ. ಅವನು ಬರುತ್ತಿದ್ದ.
ಚೆನ್ನಂಗಿ ಕಡೆಯ ಹಾಡಿಯಿಂದ, ತೋಟದ ಒಳದಾರಿಯಲ್ಲಿ,
ಬೂಟು ಕೈಯಲ್ಲಿ, ಸಾಕ್ಸು ಜೇಬಿನಲ್ಲಿ.
ಗೇಟಿನೆದುರು ಮೋರಿಯ ನೀರಲ್ಲಿ ಕಾಲು ತೊಳೆದು
ಎಲ್ಲ ತೊಟ್ಟು, ಸಾಲಿನಲ್ಲಿ ನಿಂತು
'ಜಯ ಭಾರತ' ಅನ್ನುವಷ್ಟರಲ್ಲಿ ಹರಡಿನ ಹತ್ತಿರ
ಒಂದು ಕೆಂಪು. ಮೊದಲು ಕಾಫಿ ಹಣ್ಣಿನಷ್ಟು,
ಆಮೇಲೆ ಅಂಗೈಯಷ್ಟು.

'ಅಟ್ಟೆ ಸಾರ್. ಬಿಟ್ಟು ಹೋಗಿದೆ.
ರಕ್ತ ಮಾತ್ರ ನಿಲ್ಲೋದಿಲ್ಲ.'
ಡ್ರಿಲ್ ಮಾಸ್ತರರ ಬೆರಳು ಗೇಟು ತೋರಿಸಿತು.
ಅವನು ಜಗಳ ಮಾಡಲಿಲ್ಲ. ಫಲಕದ ಕೆಳಗೆ ಕೂತು
ಸಾಕ್ಸ್ ಕಳಚಿ ಹಿಂಡಿದ, ಯಾರದೋ ಬಟ್ಟೆ ಹಿಂಡುವಂತೆ.

ನಮ್ಮ ರಿಜಿಸ್ಟರಿನಲ್ಲಿ ಬಂದವನಿಗೆ ನೀಲಿ ಶಾಯಿ,
ಬಾರದವನಿಗೆ ಕೆಂಪು.
ಅವನು ಬಂದಿದ್ದ ಎಂಬುದಕ್ಕಿದ್ದ ಗುರುತೂ ಕೆಂಪೇ.
ಜೂನಿನಿಂದ ಸೆಪ್ಟೆಂಬರಿನವರೆಗೆ ಎಣಿಸಿದೆ:
ಇಪ್ಪತ್ತೇಳು ದಿನ.

ಸ್ಟಾಫ್ ಮೀಟಿಂಗಿನಲ್ಲಿ ಕೇಳಿದೆ, ಮಳೆಗಾಲ ಮುಗಿಯುವ ತನಕ
ಕಪ್ಪು ಸಾಕ್ಸ್ ಆಗಬಹುದೇ? ಚಹಾ ಬಂತು.
ಅಂಗಡಿಗೆ ಆರ್ಡರ್ ಕೊಟ್ಟಾಗಿದೆ, ಎಂದರು ಹೆಡ್ಮಾಸ್ತರು,
ಬಿಸ್ಕೆಟ್ಟಿನ ತಟ್ಟೆ ನನ್ನ ಕಡೆ ಸರಿಸುತ್ತ.

ಆ ರಾತ್ರಿ ಬಾಡಿಗೆ ರೂಮಿನಲ್ಲಿ ಬೂಟು ಕಳಚಿದೆ.
ನನ್ನ ಸಾಕ್ಸು ಕಪ್ಪು. ಮೇಷ್ಟ್ರುಗಳಿಗೆ ಬಣ್ಣದ ನಿಯಮವಿಲ್ಲ.
ಕಪ್ಪಿನಲ್ಲಿ ಏನೂ ಕಾಣುವುದಿಲ್ಲ.
ಕೈ ಹಾಕಿದರೆ ಬೆರಳಿಗೆ ಸಿಕ್ಕಿತು,
ಮೆತ್ತಗೆ, ಹೊಟ್ಟೆ ತುಂಬಿದ್ದು.
ಎಷ್ಟು ಹೊತ್ತಿನಿಂದ ಇತ್ತೋ:
ನಾಲ್ಕು ಪೀರಿಯಡ್ಡು, ಮೀಟಿಂಗು, ಚಹಾ,
ಬೆಳಗಿನ ಹಾಜರಿಯೂ ಇರಬಹುದು.

ಮರುದಿನ ಗೇಟಿನ ಬಳಿ ಬೊಳ್ಕನಿಗೆ ಕಾಲು ತೋರಿಸಿದೆ.
ಅವನು ಕುಕ್ಕರಗಾಲಲ್ಲಿ ಕೂತು ಗಾಯ ನೋಡಿದ,
ಡಾಕ್ಟರರಂತೆ. ನಗು ಬಂದರೂ ನಗಲಿಲ್ಲ.
'ಹೊಗೆಸೊಪ್ಪು ನೆನೆಸಿದ ನೀರಲ್ಲಿ
ಸಾಕ್ಸ್ ಅದ್ದಿ ಒಣಗಿಸಿ ಹಾಕ್ಕೊಳಿ ಸಾರ್.
ಒಂದೂ ಹತ್ತೋದಿಲ್ಲ.'
ಬೆಲ್ಲು ಹೊಡೆಯಿತು. ಅವನು ಎದ್ದ.
'ಆದ್ರೆ ಬಿಳಿ ಉಳಿಯೋದಿಲ್ಲ.'